ತೊರೆಯ ಆಚೆ ದಂಡೆಯವನು

ಕೊಲ್ಲಿ ದೇಶದ ಅಲ್ ಅಮೇರಾತ್‌ನಲ್ಲಿ ನಮ್ಮ ಕಂಪನಿ ಕಟ್ಟುತ್ತಿದ್ದ ಮನೆಗಳ ಸೈಟಿಗೆ ನಾನು ಇಂಜಿನಿಯರ್. ನನ್ನ ಕೈಕೆಳಗೆ ತಾಂಜಾನಿಯಾದ ಇಬ್ಬರಿದ್ದರು. ಒಬ್ಬ ವೆಲ್ಡರ್, ಇನ್ನೊಬ್ಬ ಕ್ರೇನ್ ನಡೆಸುವವನು. ಅಕ್ಕಪಕ್ಕದ ಹಳ್ಳಿಯವರು. ಆದರೆ ಎದುರಾದರೆ ಸಾಕು, ಎಲ್ಲರಿಗೂ ತಿಳಿಯಲಿ ಎಂಬಂತೆ ಹಿಂದಿಯಲ್ಲೇ ಬೈಗುಳ. ‘ನಿಮ್ಮೂರಿನವರೆಲ್ಲ ಕೋಳಿ ಕಳ್ಳರು’ ಎಂದು ಕ್ರೇನಿನವನು, ‘ನಿಮ್ಮವರಿಗೆ ಹೆಣ್ಣು ಕೊಟ್ಟಿದ್ದೇ ನಮ್ಮ ತಪ್ಪು’ ಎಂದು ವೆಲ್ಡರ್. ಇವರು ಹೊಡೆದಾಡಿಕೊಳ್ಳುವ ದಿನ ದೂರವಿಲ್ಲವೆಂದು ನಾನು ಹೆದರಿದ್ದೆ.

ಅಷ್ಟರಲ್ಲಿ ಒಂದು ಬೆಳಿಗ್ಗೆ ವೆಲ್ಡರ್‌ನ ತಾಯಿ ತೀರಿಕೊಂಡ ಸುದ್ದಿ ಬಂತು. ಅಂದೇ ಮಣ್ಣು, ವಿಮಾನ ಹಿಡಿದರೂ ಮುಟ್ಟುವಂತಿರಲಿಲ್ಲ. ಕ್ಯಾಂಪಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತವನು ನೀರನ್ನೂ ಕುಡಿಯಲಿಲ್ಲ. ಮಧ್ಯಾಹ್ನ ನಾನೂ ಉಡುಪಿ ಕಡೆಯ ಫೋರ್‌ಮನ್ನೂ ಅವನ ಪಕ್ಕ ಕೂತಿದ್ದಾಗ ಬಾಗಿಲಲ್ಲಿ ಕ್ರೇನಿನವನು ಕಾಣಿಸಿದ. ಅಂಗಿಯನ್ನು ಬೇಕೆಂದೇ ತಿರುಗುಮುರುಗು ತೊಟ್ಟಿದ್ದ.

‘ನಿನ್ನವ್ವ ಬಲು ಜಾಣೆ,’ ಎಂದ. ‘ನಾನು ಊರಿಗೆ ಬಂದರೆ ಅಡುಗೆ ಮಾಡಿ ಹಾಕಬೇಕಾಗುತ್ತದೆ ಅಂತ ಮೊದಲೇ ಓಡಿಹೋದಳು.’

ಫೋರ್‌ಮನ್ ಧಡಕ್ಕನೆ ಎದ್ದ. ‘ಎಂತ ಸಾರ್ ಇದು! ಇವನಿಗೆ ಮರ್ಲಾ, ತಲೆ ಸರಿ ಉಂಟಾ? ಹೊರಗೆ ಹಾಕಿ ಮೊದಲು!’

ನಾನು ಕ್ರೇನಿನವನ ಕೊರಳಪಟ್ಟಿ ಹಿಡಿದು ಹೊರಗೆ ದಬ್ಬಿದೆ. ಅವನು ಕೈ ಎತ್ತಲಿಲ್ಲ, ಕದಲಲೂ ಇಲ್ಲ.

‘ಬಿಡಿ ಸಾರ್,’ ವೆಲ್ಡರ್ ಈ ಕಡೆ ತಿರುಗಿದ. ಅತ್ತು ಮುಖ ಊದಿತ್ತು, ತುಟಿಯಲ್ಲಿ ಮಾತ್ರ ನಗುವಿತ್ತು. ‘ಬೆಳಿಗ್ಗೆಯಿಂದ ಇವನಿಗೇ ಕಾಯ್ತಿದ್ದೆ. ಹಿಂದೆ ಯಾವುದೋ ಕಾಲದಲ್ಲಿ ನಮ್ಮೂರ ತೊರೆಯ ಈಚೆ ಅಣ್ಣ ಊರು ಕಟ್ಟಿದ, ಆಚೆ ಅವನ ತಂಗಿ. ನಾವು ಅಣ್ಣನ ಮಕ್ಕಳು, ಇವರು ತಂಗಿಯ ಮಕ್ಕಳು. ನಮ್ಮನೆ ಸಾವಿನಲ್ಲಿ ಬೈದು ನಗಿಸಬೇಕಾದವರು ಇವರೇ, ಕುಣಿ ತೋಡಬೇಕಾದವರೂ ಇವರೇ. ಈಗ ಅಲ್ಲಿ ನಮ್ಮವ್ವನ ಕುಣಿ ತೋಡ್ತಿರೋದು ಇವನ ಅಣ್ಣ.’

ಅತ್ತೆ-ಮಾವನ ಮಕ್ಕಳು! ಬಾಗಲಕೋಟೆಯಲ್ಲಿ ನನ್ನ ಸೋದರತ್ತೆಯ ಮಗನೂ ಮನೆಗೆ ಬಂದಾಗಲೆಲ್ಲ ನನ್ನನ್ನು ಹೀಗೇ ಕಾಡುತ್ತಿದ್ದ. ಆದರೆ ಸಾವಿನ ದಿನ? ಕೊರಳಪಟ್ಟಿ ಬಿಟ್ಟೆ, ಬಾಗಿಲು ಬಿಟ್ಟು ಕದಲಲಿಲ್ಲ.

‘ಏಳೋ ಸೋಮಾರಿ, ಉಣ್ಣು,’ ಎನ್ನುತ್ತ ಕ್ರೇನಿನವನು, ವೆಲ್ಡರ್ ಮುಟ್ಟದೆ ಬಿಟ್ಟಿದ್ದ ಅನ್ನದ ತಟ್ಟೆ ಎಳೆದು ಮೊದಲ ತುತ್ತು ತಾನೇ ನುಂಗಿದ. ವೆಲ್ಡರ್ ಬೈದು ತಟ್ಟೆ ಕಿತ್ತುಕೊಂಡ. ಉಂಡ. ಫೋರ್‌ಮನ್ ನೀರು ಬಗ್ಗಿಸಿ ಕೊಟ್ಟ.

ಸ್ವಲ್ಪ ಹೊತ್ತಿಗೆ ಊರಿನಿಂದ ಫೋನು ಬಂತು. ಮಣ್ಣಾಯಿತಂತೆ. ಕ್ರೇನಿನವನು ಎದ್ದು ಹೊರನಡೆದ. ಹಿಂದೆಯೇ ಹೋಗಿ ನೋಡಿದರೆ ನೀರಿನ ಟ್ಯಾಂಕಿನ ಮರೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

‘ಒಳಗೆ ಹೇಳಬೇಡಿ ಸಾರ್,’ ಎಂದ. ‘ನಮ್ಮವ್ವ ಹೋದ ಮೇಲೆ ನನ್ನ ಸಾಕಿದ್ದು ಅವನ ಅವ್ವನೇ.’