ಕೊಂಬು ಕೊಟ್ಟವರು

ಮಹಡಿ ಮೇಲಿನ ಹಳೆಯ ಫೈಬರ್ ಟ್ಯಾಂಕು ಕಳೆದ ವಾರ ತಳದಲ್ಲಿ ಬಿರುಕು ಬಿಟ್ಟಿತು. ಟ್ಯಾಂಕರ್‌ನವನನ್ನು ಗೋಗರೆದು ತರಿಸಿದ್ದ ನೀರೆಲ್ಲ ಗೋಡೆಗಿಳಿದು ಹೋಯಿತು. ರಿಪೇರಿಗೆ ಬಂದ ಪ್ಲಂಬರ್ ಒಡಕು ಮಗ್ಗಿನಲ್ಲಿ ಅಂಟು ಕಲಸಿದ. ಯಾವುದೋ ಹಳದಿ ದ್ರವ, ಅದಕ್ಕೆ ಇನ್ನೇನೋ ನಾಲ್ಕು ಹನಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ನಿಂತುಬಿಟ್ಟೆ. ಉಗುರಿನ ಬಣ್ಣ, ಸುಟ್ಟ ಪ್ಲಾಸ್ಟಿಕ್ಕು, ಕೊಳೆತ ಬಾಳೆಹಣ್ಣು ಮೂರೂ ಸೇರಿದಂಥ ವಾಸನೆ... ಎಷ್ಟು ವರ್ಷವಾಗಿತ್ತು ಅದನ್ನು ಮೂಸಿ.

"ತೂತು ದೊಡ್ಡದಾಗ್ಬಿಟ್ಟಿದೆ ಅಕ್ಕ, ಬರೀ ಫೈಬರ್ ಬಟ್ಟೆ ಅಂಟ್ಸಿದ್ರೆ ನಿಲ್ಲಲ್ಲ. ಹಳೇ ಫೈಬರ್ ತುಂಡು ಏನಾದ್ರೂ ಬಿದ್ದಿದ್ಯಾ ಮನೇಲಿ?" ಅಂದ.

ಬಿದ್ದಿತ್ತು. ಹಿತ್ತಲಲ್ಲಿ, ತೆಂಗಿನಮರದ ಬುಡದಲ್ಲಿ, ಬೋರಲಾಗಿ ಒಂದು ಇಡೀ ದೋಣಿಯೇ ಬಿದ್ದಿತ್ತು.

ಆ ದೋಣಿ ಟೀಚರದ್ದು. ರಿಂಗ್ ರಸ್ತೆಯ ಆಚೆ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲದಲ್ಲಿ ಅವರು ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದರು. ದೊಡ್ಡನೆಕ್ಕುಂದಿಯಲ್ಲಿ ಆಗ ಸೊಪ್ಪು ಬೆಳೆಯುತ್ತಿದ್ದವರೆಲ್ಲ ರೂಮು ಬೆಳೆಯಲು ಶುರು ಮಾಡಿದ್ದರು. ನಮ್ಮಪ್ಪನೂ ಸೊಪ್ಪಿನ ಮಡಿ ಅಗೆದು ಸಾಲಾಗಿ ರೂಮು ಹಾಕಿಸಿದ್ದರು. ಕೆಳಗಿನ ರೂಮುಗಳಲ್ಲಿ ಗಾರೆ ಕೆಲಸದವರು, ಎಲ್ಲರೂ ಬಾಗಲಕೋಟೆ, ರಾಯಚೂರಿನ ಕಡೆಯವರು. ಮೇಲಿನ ಮನೆಯಲ್ಲಿ ಟೀಚರ್ ಒಬ್ಬರೇ. ಅವರದೂ ಕೃಷ್ಣಾ ನದಿ ದಂಡೆಯ ಊರು. ಹತ್ತಿರದ ಖಾಸಗಿ ಶಾಲೆಯಲ್ಲಿ ಪಿ.ಟಿ. ಟೀಚರ್. ನಲವತ್ತು ದಾಟಿತ್ತು, ಕುತ್ತಿಗೆ ಎತ್ತಿನ ಹೆಗಲಿನಂತೆ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಗಂಡನಿದ್ದ, ಊರಲ್ಲಿ. ಅವನ ಸುದ್ದಿ ಎತ್ತಿದರೆ "ಅದೊಂದು ಮಳ್ಳ" ಎಂದು ಮುಗಿಸುತ್ತಿದ್ದರು.

ನಾನಾಗ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಚೆಕ್ ಮಾಡುವ ಕೆಲಸದಲ್ಲಿದ್ದೆ. ಮದುವೆ ಮಾತು ಎರಡು ಸಲ ಬಂದು ಮುರಿದಿತ್ತು. ಹೊಲಿಗೆ ನೆಟ್ಟಗಿದೆಯೋ ಸೊಟ್ಟಗಿದೆಯೋ ನೋಡುವುದೇ ದಿನವಿಡೀ ನನ್ನ ಬದುಕು. ಒಂದು ಭಾನುವಾರ ಟೀಚರ್ ಟೆಂಪೋದಲ್ಲಿ ಒಂದು ಹಳೆಯ ಫೈಬರ್ ದೋಣಿ ತಂದು ನಮ್ಮ ಹಿತ್ತಲಲ್ಲಿ ಇಳಿಸಿಕೊಂಡರು. ಮುಚ್ಚಿಹೋದ ಯಾವುದೋ ಸಾಹಸ ಶಿಬಿರದ್ದಂತೆ. ಉದ್ದಕ್ಕೆ, ಕಿರಿದಾಗಿ, ಹುರುಳಿಕಾಯಿಯಂತೆ ಇತ್ತು. ಇಬ್ಬರು ಹಿಂದೆ ಮುಂದೆ ಮಂಡಿಯೂರಿ ಕೂತು ಹುಟ್ಟು ಹಾಕುವ ಪಂದ್ಯದ ದೋಣಿ. ಮುಂಭಾಗವೆಲ್ಲ ಒಡಕು. ಟೀಚರ್ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಅಂಟು ಕಲಸಿ ತೇಪೆ ಹಾಕುತ್ತಿದ್ದರೆ ನಾನು ಬಟ್ಟೆ ಹಿಡಿದುಕೊಂಡೆ. ಆ ವಾಸನೆಯೇ ಈ ವಾಸನೆ.

ಅಂಟು ಒಣಗುವಾಗ ಅವರು ತಮ್ಮ ಕತೆ ಹೇಳಿದರು. ಹುಡುಗಿಯಾಗಿದ್ದಾಗ ರಾಜ್ಯದ ತಂಡಕ್ಕೆ ಆಯ್ಕೆಯಾಗಿದ್ದರಂತೆ. ಇನ್ನೇನು ಹೊರಡಬೇಕು ಅನ್ನುವಾಗ ಮನೆಯವರು ಮದುವೆ ಗೊತ್ತು ಮಾಡಿದರು. ಅವರ ಜಾಗದಲ್ಲಿ ಬೇರೆಯವಳು ಹೋದಳು. "ಕೈಯಾಗಿನ ಹುಟ್ಟು ಕಸ್ಕೊಂಡು ಹಣಿಗೆ ಬಾಸಿಂಗ ಕಟ್ಟಿದ್ರವಾ," ಅಂದರು. ಸಾಯುವುದರೊಳಗೆ ಒಮ್ಮೆ, ಒಂದೇ ಒಂದು ಸಲ, ರಾಜ್ಯಮಟ್ಟದ ಆಯ್ಕೆಯಲ್ಲಿ ದೋಣಿ ಓಡಿಸಬೇಕು ಅನ್ನುವುದು ಅವರ ಹಟ. ಅದಕ್ಕೆ ಹಿಂದೆ ಕೂರುವವಳು ಬೇಕಾಗಿತ್ತು.

"ಮುಂದ ಕೂತಾಕಿ ಎತ್ತು ಇದ್ದಂಗ. ಹಿಂದ ಕೂತಾಕಿ ಗಾಡಿ ಹೊಡಿಯಾಕಿ. ನಾ ಎತ್ತು ಆಗಾಕ ತಯಾರದೀನಿ. ನಿನಗ ನೆಟ್ಟಗ ನೋಡೂ ಕಣ್ಣ ಅದಾವು. ಬರ್ತೀಯೇನು?"

ನನ್ನ ಕಣ್ಣನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ. ನೋಡಲು ಬಂದ ಗಂಡಿನ ಕಡೆಯವರೂ ಕೂಡ.

ಕೆರೆ ಮನೆಯಿಂದ ಕೂಗಳತೆಯಲ್ಲಿತ್ತು. ಅರ್ಧ ಜೊಂಡು, ಕಾಲುಭಾಗ ನೊರೆ, ಉಳಿದದ್ದು ನೀರು. ನಾನೂ ಟೀಚರೂ ದೋಣಿಯನ್ನು ತಲೆ ಮೇಲೆ ಹೊತ್ತು ಏರಿ ಹತ್ತುತ್ತಿದ್ದರೆ ಅಪ್ಪ ಜಗಲಿಯಿಂದ ಕೂಗಿದರು: "ಇಂಗೆ ಕೆರೆಗಿಳಿಯೋದು ನಮ್ ಎಮ್ಮೆ ಕಾಲಕ್ಕೇ ಮುಗೀತು ಅಂದ್ಕೊಂಡಿದ್ದೆ ಕಣಮ್ಮಿ!" ಎದುರು ದಡದ ಗಾಜಿನ ಕಟ್ಟಡದ ಹುಡುಗರು ಸಿಗರೇಟು ಹಿಡಿದು ನಿಂತು ನಮ್ಮನ್ನೇ ನೋಡುತ್ತಿದ್ದರು. ಹುಟ್ಟನ್ನು ಒಂದೇ ಬದಿಗೆ ಹಾಕಬೇಕು, ಬದಿ ಬದಲಿಸುವಂತಿಲ್ಲ. ಟೀಚರದ್ದು ಎಡಬದಿ, ನನ್ನದು ಬಲಬದಿ. ಹಿಂದೆ ಕೂತು ಬಲಕ್ಕೇ ಎಳೆಯುತ್ತಿದ್ದರೆ ದೋಣಿಯ ಮೂತಿ ಎಡಕ್ಕೇ ತಿರುಗುತ್ತದೆ. ಪ್ರತಿ ಎಳೆತದ ಕೊನೆಯಲ್ಲೂ ಅದನ್ನು ತಿದ್ದುವುದೇ ಹಿಂದೆ ಕೂತವಳ ವಿದ್ಯೆ.

"ಇಂಗ್ಲಿಷ್ ಜೆ ಬರದಂಗ ಎಳಿ. ಹಿಂದಕ್ಕ ಎಳದು, ಕಡೀಗೆ ಕೊಕ್ಕಿ ತಿರುವು," ಅಂದರು ಟೀಚರ್. ಆ ವಿದ್ಯೆಯ ಹೆಸರೇ ಜೆ ಸ್ಟ್ರೋಕ್. ನಾನು ನಿಷ್ಠೆಯಿಂದ ಜೆ ಬರೆದೆ. ಜೆ ಬಾಲ ಎಡಕ್ಕಲ್ಲವೇ? ಹುಟ್ಟು ದೋಣಿಯ ಕೆಳಗೆ ಹೋಯಿತು, ದೋಣಿ ಮಗುಚಿತು, ಇಬ್ಬರೂ ನೊರೆಯೊಳಗೆ ಬಿದ್ದೆವು. ಮತ್ತೆ ಹತ್ತಿದೆವು, ಮತ್ತೆ ಜೆ, ಮತ್ತೆ ನೊರೆ. ಟೀಚರ್ ಬೈಯದ ಬೈಗುಳವಿಲ್ಲ. ಕೊನೆಗೆ ಏರಿ ಮೇಲೆ ಕೂತು ಕಡ್ಡಿಯಿಂದ ಮಣ್ಣಿನಲ್ಲಿ ಜೆ ಬರೆದು, ಕತ್ತು ಓರೆ ಮಾಡಿ ನೋಡಿ, ತಾವೇ ಹಣೆ ಬಡಿದುಕೊಂಡರು. ಎಡಬದಿಗೆ ಹುಟ್ಟು ಹಾಕುವವರಿಗೆ ಮಾತ್ರ ಅದು ಜೆ. ಬಲಬದಿಯವರಿಗೆ ಬಾಲ ಬಲಕ್ಕೆ, ಹೊರಗೆ ಹೋಗಬೇಕು. ಅವರು ಜೀವಮಾನವಿಡೀ ಎಡಬದಿಗೇ ಹುಟ್ಟು ಹಾಕಿದವರು.

"ನಿಂದು ಜೆ ಅಲ್ಲವಾ! ನಿಂದು ಕೊಂಬು! ಕ ಕೊಂಬು ಕು. ಕೆಳಗಿಳದು ಬಲಕ್ಕ ಹೊರಗ ತಿರಗತೈತಲ್ಲ, ಅದು. ಹೆಬ್ಬೆಟ್ಟು ಕೆಳಗ ಮಾಡಿ ಕೊಂಬು ಕೊಡು."

ಕೊಂಬು ಕೊಟ್ಟೆ. ದೋಣಿ ಒಂದು ಕ್ಷಣ ಅನುಮಾನಿಸಿ, ಮೂತಿ ನೆಟ್ಟಗೆ ಮಾಡಿಕೊಂಡು ಗಾಜಿನ ಕಟ್ಟಡದ ಮೂಲೆಯತ್ತ ಹೊರಟಿತು. ನನ್ನ ಮಣಿಕಟ್ಟಿನ ಒಂದು ಸಣ್ಣ ತಿರುವಿಗೆ ಅಷ್ಟು ಉದ್ದದ ದೋಣಿ, ಟೀಚರ್‌ನಂಥ ಟೀಚರು, ಎಲ್ಲವೂ ನೆಟ್ಟಗಾದವು. ಆ ಸುಖವನ್ನು ಏನೆಂದು ಹೇಳಲಿ... ಹೊತ್ತುಹೊತ್ತಿಗೂ ಇನ್ನೊಬ್ಬರು ತಿರುಗಿಸಿದ ಕಡೆ ತಿರುಗುತ್ತಿದ್ದವಳು ನಾನು.

ಆಮೇಲೆ ಪ್ರತಿ ಭಾನುವಾರವೂ ಅದೇ. ಗಾಳಿ ಜೋರಾಗಿದ್ದರೆ "ಕೊಂಬಿನ ಇಳಿ!" ಎಂದು ಕೂಗುತ್ತಿದ್ದರು. ಕೂ ಬರೆದಂತೆ ಬಾಲವನ್ನು ಇನ್ನಷ್ಟು ಎಳೆದು ಹಿಡಿಯಬೇಕು. ಮಂಡಿ ಕಿತ್ತು ರಕ್ತ ಬಂದಾಗ ಟೀಚರ್ ತಮ್ಮ ಹವಾಯಿ ಚಪ್ಪಲಿ ಕತ್ತರಿಸಿ ನಾನು ಮಂಡಿ ಊರುವ ಜಾಗಕ್ಕೆ ಅಂಟಿಸಿ ಕೊಟ್ಟರು. ಬರಿಗಾಲಲ್ಲೇ ಮನೆಗೆ ನಡೆದರು. ಅವರಲ್ಲಿ ಒಳ್ಳೆಯತನ ಇರಲಿಲ್ಲ ಎಂದು ನಾನು ಹೇಳಲಾರೆ. ಹೇಳುವಂತಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು.

ಆಯ್ಕೆ ಪಂದ್ಯ ಮೈಸೂರಿನ ಕಡೆಯ ಒಂದು ಕೆರೆಯಲ್ಲಿ ಎಂದು ಗೊತ್ತಾಯಿತು. ಸೂಪರ್‌ವೈಸರ್ ಕಾಲು ಹಿಡಿಯುವುದೊಂದು ಬಾಕಿ, ಅಂತೂ ರಜೆ ಪಡೆದೆ. ಎಮ್ಮೆ ಎಂದಿದ್ದ ಅಪ್ಪ ಟೀ ಅಂಗಡಿಯಲ್ಲಿ "ನಮ್ಮುಡುಗಿ ಸ್ಟೇಟ್‌ಗೆ ಓಯ್ತಾಳೆ" ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಆದರೆ ಯಾವುದಾದರೂ ಸಂಸ್ಥೆಯ ಹೆಸರಿನಲ್ಲೇ ಹೋಗಬೇಕಿತ್ತು. ದೋಣಿ ಸಾಗಿಸಲು ವ್ಯಾನು ಬೇಕಿತ್ತು. ಟೀಚರ್ ಶಾಲೆಯ ಸೆಕ್ರೆಟರಿಯನ್ನು ಕೇಳಿದರು. ಆತ ಒಂದು ಭಾನುವಾರ ಕಾರಿನಲ್ಲಿ ಏರಿ ಮೇಲೆ ಬಂದು ನೋಡಿದ. ಮರುವಾರ ಅವನ ಮಗಳು ಬಂದಳು. ಕಾಲೇಜು ಹುಡುಗಿ, ಗೋವಾದಲ್ಲಿ ರಜೆಗೆ ಹೋದಾಗ ದೋಣಿ ನಡೆಸಿದ್ದಳಂತೆ. ಎರಡೂ ತುದಿಗೆ ಅಲಗಿರುವ ಹುಟ್ಟಿನಲ್ಲಿ, ಮೂತಿ ತಿದ್ದುವ ಕೆಲಸವೇ ಇಲ್ಲದ್ದು.

ಟೀಚರ್ ನನ್ನನ್ನು ತೂಬಿನ ಹತ್ತಿರ ಕರೆದುಕೊಂಡು ಹೋದರು. ಮುಖ ನೋಡಲಿಲ್ಲ.

"ಈ ಸಲ ಆಕಿ ಬರ್ಲಿ. ಮಗಳನ್ನ ಬಿಟ್ಟು ಹೋದ್ರ ಸೆಕ್ರೆಟರಿ ವ್ಯಾನ್ ಕೊಡಾಕ ಒಪ್ಪಾಕತ್ತಿಲ್ಲ. ನೀ ಸಣ್ಣಾಕಿ, ಮುಂದಿನ ವರ್ಷ ಐತಿ. ನನಗ ವಯಸ್ಸಾತವಾ, ನನಗ ಮುಂದಿನ ವರ್ಷ ಇಲ್ಲ."

"ಹಿಂದೆ ಕೂರೋಳು ನಾನು ಅಂದಿದ್ರಿ," ಅಂದೆ.

"ಅಂದಿದ್ದೆ." ಕೆರೆಯ ಕಡೆ ತಿರುಗಿ, "ಆಕಿಗೆ ಸ್ವಲ್ಪ ಕೊಂಬು ತೋರ್ಸು," ಅಂದರು.

ನೋವುಂಡವರಿಗೆ ಇನ್ನೊಬ್ಬರ ನೋವು ತಿಳಿಯುತ್ತದೆ ಎಂದು ಹೇಳುತ್ತಾರೆ. ಶುದ್ಧ ಸುಳ್ಳು. ಕೈಯಿಂದ ಹುಟ್ಟು ಕಿತ್ತುಕೊಂಡರೆ ಹೇಗಿರುತ್ತದೆ ಎಂದು ಈ ಭೂಮಿ ಮೇಲೆ ಒಬ್ಬರಿಗೆ ಚೆನ್ನಾಗಿ ಗೊತ್ತಿದ್ದರೆ ಅದು ಟೀಚರಿಗೆ. ಕಿತ್ತುಕೊಂಡವರೂ ಅವರೇ. ಅಷ್ಟು ಸಲೀಸಾಗಿ, ಅಭ್ಯಾಸವಿದ್ದವರ ಹಾಗೆ ಕಿತ್ತುಕೊಂಡರು.

ನಾನು ತೋರಿಸಿದೆ. ನೊರೆ ಅಂಚಿನಲ್ಲಿ ಮಂಡಿಯುದ್ದ ನೀರಲ್ಲಿ ನಿಂತು, ಹೆಬ್ಬೆಟ್ಟು ಕೆಳಗೆ ಮಾಡಿ, ಬಾಲವನ್ನು ಹೊರಗೆ ತಳ್ಳಿ, "ಕೊಂಬು ಬರೆದ ಹಾಗೆ" ಅಂದೆ. ಹುಡುಗಿ ನನ್ನ ಮುಖ ನೋಡಿದಳು. "ಕೊಂಬು ಅಂದ್ರೆ? ಹಾರ್ನಾ?" ಶಾಲೆಯಲ್ಲಿ ಅವಳದು ಫ್ರೆಂಚ್. ಕ, ಕಾ, ಕಿ ಕೂಡ ಬರೆದವಳಲ್ಲ. "ಓ, ಜೆ ಸ್ಟ್ರೋಕ್ ತಾನೇ? ಗೊತ್ತು ಬಿಡಿ ಅಕ್ಕ, ವಿಡಿಯೋ ನೋಡಿದೀನಿ." ಜೆ ಅಲ್ಲ, ಇದು ಉಲ್ಟಾ, ನೋಡು ಎಂದು ಮತ್ತೆ ಮತ್ತೆ ಹೇಳಿದೆ. ಅವಳು ಫೋನು ನೋಡುತ್ತಿದ್ದಳು.

ಪಂದ್ಯದ ದಿನ ನಾನು ರಜೆ ವಾಪಸು ಕೊಟ್ಟು ಕಾಲರ್ ನೋಡಲು ಹೋದೆ. ಅಪ್ಪ ಒಂದು ತಿಂಗಳು ಆ ಟೀ ಅಂಗಡಿ ಕಡೆ ಸುಳಿಯಲಿಲ್ಲ.

ಏನಾಯಿತು ಎಂದು ಹೇಳಿದವನು ವ್ಯಾನ್ ಡ್ರೈವರ್. ಸೀಟಿ ಊದಿದ್ದೇ ಟೀಚರ್ ಜೀವದ ಹಂಗು ತೊರೆದು ಎಳೆದರಂತೆ. ದೋಣಿ ಮಾತ್ರ ಗಾಣದೆತ್ತಿನಂತೆ ಎಡಕ್ಕೇ ಸುತ್ತಿ, ಪಕ್ಕದ ದೋಣಿಯ ದಾರಿಗೆ ನುಗ್ಗಿ, ಅಲ್ಲೇ ಮಗುಚಿತಂತೆ. ದಡದಲ್ಲಿದ್ದವರು ನಕ್ಕರಂತೆ. "ಟೀಚರ್ ನೀರಲ್ಲಿ ನಿಂತ್ಕೊಂಡು ಏನೋ ಕೊಂಬು ಕೊಂಬು ಅಂತ ಕಿರುಚ್ತಿದ್ರು ಕಣ್ರೀ, ತಲೆ ಕೆಟ್ಟೋರ ತರ," ಅಂದ ಅವನು. ನನಗೆ ಸಂತೋಷವಾಯಿತು. ಬಹಳ ಸಂತೋಷವಾಯಿತು. ಆ ಸಂತೋಷ ರಾತ್ರಿ ಊಟದ ಹೊತ್ತಿಗೇ ಮುಗಿದುಹೋಯಿತು.

ಮುಂದಿನ ಭಾನುವಾರ ಬೆಳಿಗ್ಗೆ ಅವರು ಬಾಗಿಲು ತಟ್ಟಿದರು. ಕೈಯಲ್ಲಿ ಎರಡು ಹುಟ್ಟು. ಏನೂ ಆಗಿಲ್ಲವೇನೋ ಅನ್ನುವ ಹಾಗೆ, "ನಡಿ, ಕೆರಿಗೆ ಹೋಗೂಣು," ಅಂದರು.

"ನಾನು ಬರಲ್ಲ."

"ಯಾಕ?"

ನಾನು ಹಿಟ್ಟು ನಾದುತ್ತಲೇ ಇದ್ದೆ. ಅವರು ಹೊಸ್ತಿಲಲ್ಲೇ ನಿಂತಿದ್ದರು. ಮುಖ ಕೆಂಪಾಯಿತು. "ಏನ, ನಿನಗೇನ ಕೊಂಬು ಬಂದಾವೇನು?"

"ನೀವೇ ಅಲ್ವಾ ಟೀಚರ್ ಕೊಟ್ಟಿದ್ದು," ಅಂದೆ.

ಅದೇ ನಮ್ಮಿಬ್ಬರ ಕೊನೆಯ ಮಾತು. ಮಾವಿನಕಾಯಿ ಕಾಲಕ್ಕೆ ಅವರು ಮನೆ ಖಾಲಿ ಮಾಡಿದರು. ದೋಣಿ ಒಯ್ಯಲಿಲ್ಲ. ಒಯ್ದು ಎಲ್ಲಿ ಇಡುತ್ತಿದ್ದರು? ಅಪ್ಪ ಅದನ್ನು ಬೋರಲು ಹಾಕಿ ಸಿಮೆಂಟ್ ಮೂಟೆ ನೆನೆಯದಂತೆ ಮುಚ್ಚಲು ಬಳಸಿದರು. ಆಮೇಲೆ ಕೋಳಿಗಳು ಅದರಡಿ ಮೊಟ್ಟೆಯಿಟ್ಟವು. ಕೆರೆಗೆ ಬೇಲಿ ಬಂತು, ಗೇಟು ಬಂತು, 'ನೀರಿಗಿಳಿಯಬಾರದು' ಎಂಬ ಫಲಕ ಬಂತು. ನನಗೆ ಮದುವೆಯಾಯಿತು, ಗಂಡ ಮನೆಅಳಿಯನಾಗಿ ಬಂದ ಕಾರಣ ನಾನು ಇಲ್ಲೇ ಉಳಿದೆ. ಮುಂದಿನ ವರ್ಷ ಅನ್ನುವುದು ಬರಲೇ ಇಲ್ಲ. ಯಾವ ನೀರಿಗೂ ನಾನು ಮತ್ತೆ ಇಳಿಯಲಿಲ್ಲ.

ಹೋದ ವರ್ಷ ಕೆಳಗಿನ ರೂಮಿಗೆ ಬಂದ ಹೆಂಗಸು ಟೀಚರ್ ಊರಿನ ಕಡೆಯವಳೇ. ಮಾತಿನ ನಡುವೆ ಅವರ ಸುದ್ದಿ ಕೇಳಿದೆ. "ಆ ಆಟದ ಟೀಚರೇನ್ರೀ? ತೀರಿಕೊಂಡು ಭಾಳ ದಿನಾತಲ್ರೀ," ಅಂದಳು. ಎದೆಯಲ್ಲಿ ಗಂಟಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ಯಾವಾಗಿನಿಂದ ಎಂದು ಕೇಳಲು ಬಾಯಿ ತೆರೆದೆ, ಕೇಳಲಿಲ್ಲ. ನನಗೆ ಮುಂದಿನ ವರ್ಷ ಇಲ್ಲ ಅಂದಿದ್ದರಲ್ಲ... ಅದು ವಯಸ್ಸಿನ ಮಾತೋ, ಗಂಟಿನ ಮಾತೋ. ಗೊತ್ತಾದರೆ ಕ್ಷಮಿಸಬೇಕಾಗುತ್ತದೆ. ನನಗೆ ಕ್ಷಮಿಸುವ ಮನಸ್ಸಿಲ್ಲ, ಇವತ್ತಿಗೂ ಇಲ್ಲ. ಆದರೂ ಆ ದಿನ ಊಟದ ತಟ್ಟೆ ಹಾಗೇ ಎತ್ತಿಟ್ಟೆ.

ಪ್ಲಂಬರ್‌ನನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಇಬ್ಬರೂ ಸೇರಿ ದೋಣಿ ಮಗುಚಿದೆವು. ಅವನು ಗರಗಸದ ಯಂತ್ರಕ್ಕೆ ವೈರು ಎಳೆದುಕೊಂಡ. "ಮುಂದುಗಡೆಯಿಂದ ಕತ್ತರಿಸು. ಹಿಂದುಗಡೆ ಮುಟ್ಟಬೇಡ," ಅಂದೆ. ಮುಂದಿನದು ಅವರು ಕೂರುತ್ತಿದ್ದ ಜಾಗ.

ಅವನು ಬಡಿದು ಬಡಿದು ನೋಡಿದ. "ಮುಂದ್ಗಡೆ ಬರೀ ತೇಪೆ ಅಕ್ಕ, ಕೈಯಿಟ್ರೆ ಪುಡಿ ಆಗ್ತಿದೆ. ಹಿಂದ್ಗಡೆ ಮಾತ್ರ ಗಟ್ಟಿ ಇರೋದು. ಏನ್ ಮಾಡ್ಲಿ?"

ಟ್ಯಾಂಕು ಬರಿದಾಗಿತ್ತು. ಮಕ್ಕಳು ಸ್ಕೂಲಿನಿಂದ ಬರುವ ಹೊತ್ತಾಗಿತ್ತು. "ಕತ್ತರಿಸು," ಅಂದೆ.

"ಇಲ್ಲೊಂದು ಚಪ್ಪಲಿ ಅಂಟಿಸ್ಬಿಟ್ಟಿದ್ದಾರೆ ಯಾರೋ. ಕಿತ್ತಾಕ್ಲಾ?"

ಕಿತ್ತು ನನ್ನ ಕೈಗೆ ಕೊಟ್ಟ. ನೀಲಿ ಬಣ್ಣ ಬೆಳ್ಳಗಾಗಿತ್ತು. ನಡುವೆ ಮಂಡಿ ಊರಿದ ಕುಳಿ ಹಾಗೇ ಇತ್ತು. ನನ್ನದೇ ಇರಬೇಕು. ಆ ಹುಡುಗಿ ಅದರ ಮೇಲೆ ಕೂತದ್ದು ನಾಲ್ಕು ದಿನ ತಾನೇ.