ಎರಡು ಬೆರಳು ಸಂದು

ಹದಿನೈದು ದಿನ, ನಲವತ್ತೊಂದು ಕಾಮೆಂಟ್. ಅದರಲ್ಲಿ 'ಶುಭೋದಯ' ಹನ್ನೊಂದು, ಮುಗಿದ ಕೈ ಒಂಬತ್ತು, 'ನಮ್ಮ ಬೀದಿಗೆ ಲೈಟ್ ಯಾವಾಗ?' ಎಂಟು. (ಲೆಕ್ಕ ಇಡುವುದು ನನ್ನ ಚಟ.) ಉಳಿದ ಹದಿಮೂರು ಬೆರಳಿನ ಬಗ್ಗೆ.

ಯಾವ ಬೆರಳು? ಹೇಳುತ್ತೇನೆ.

ಮಹಿಳಾ ಸಂಘಕ್ಕೆ ತೆಂಗಿನಕಾಯಿ ಒಣಗಿಸುವ ಗೋದಾಮು ಕಟ್ಟಲು ಹೊರಟ ನಮ್ಮ ಪಂಚಾಯಿತಿ, ಈ ಸಲ ನಕ್ಷೆಯನ್ನೂ ಖರೀದಿ ಪಟ್ಟಿಯನ್ನೂ ಟೆಂಡರ್‌ಗೆ ಮೊದಲೇ ಆನ್‌ಲೈನ್‌ನಲ್ಲಿ ತೆರೆದಿಟ್ಟಿತ್ತು. ಯಾರು ಬೇಕಾದರೂ ನೋಡಬಹುದು, ಹದಿನೈದು ದಿನದೊಳಗೆ ಕಾಮೆಂಟ್ ಹಾಕಿ ತಪ್ಪು ತೋರಿಸಬಹುದು.

ಮೊದಲ ದಿನವೇ ಗಂಗತ್ತೆ ಫೋನ್ ಹಿಡಿದು ಬಂದಳು. ನನ್ನ ಸೋದರತ್ತೆ, ಸಂಘದ ಸದಸ್ಯೆ. ಅವಳ ಶೀಟಿನ ಮನೆಯಲ್ಲಿ ಅಟ್ಟವಿಲ್ಲ. ಹಾಗಾಗಿ ಕಾಯಿಯನ್ನು ಹಸಿಯಾಗಿಯೇ ಮಾರಬೇಕು. ವರ್ಷವಿಡೀ ಅಟ್ಟದಲ್ಲಿ ಒಣಗಿ ಉಂಡೆ ಕೊಬ್ಬರಿಯಾಗುವ ಭಾಗ್ಯ ಅವಳ ಕಾಯಿಗೆ ಇದುವರೆಗೆ ಬಂದಿಲ್ಲ.

ನಕ್ಷೆಯನ್ನು ದೊಡ್ಡದು ಮಾಡಿ ತೋರಿಸಿದೆ. ತುಂಬ ಹೊತ್ತು ನೋಡಿದಳು.

"ಇದು ಅಟ್ಟ ಅಲ್ಲ ಕಣೇ, ತಾರಸಿ. ಸಂದೇ ಇಲ್ಲ. ಕಾಯಿ ಉಸಿರಾಡೋದೆಂಗೆ? ಕೊಳ್ತೋಗ್ತವೆ."

ನಕ್ಷೆ ಬರೆದ ಎಂಜಿನಿಯರ್ ಹೊರಗಿನವರು. ಅವರ ಪಾಲಿಗೆ ಅಟ್ಟವೆಂದರೆ ಕಾಂಕ್ರೀಟ್ ಸ್ಲ್ಯಾಬ್. ನಾನು ಓದಿದವಳಲ್ಲವೇ? ಅತ್ತೆಯ ಮಾತನ್ನು ಕಚೇರಿ ಕನ್ನಡಕ್ಕೆ ತಿದ್ದಿ ಹಾಕಿದೆ: 'ಸೂಕ್ತ ಗಾಳಿಯ ವ್ಯವಸ್ಥೆ ಕಲ್ಪಿಸತಕ್ಕದ್ದು.' ಮೂರನೇ ದಿನ ಉತ್ತರ ಬಂತು: 'ಎರಡು ಕಿಟಕಿ ಸೇರಿಸಲಾಗಿದೆ.'

ಸ್ಲ್ಯಾಬ್ ಹಾಗೇ ಇತ್ತು.

"ನಿನ್ನ ಓದು ಅತ್ಲಾಗಿಡು, ನಾನೇಳ್ದಂಗೆ ಬರಿ," ಎಂದಳು ಅತ್ತೆ. ಬರೆದೆ: 'ಅಟ್ಟದ ಮೇಲೆ ನಿಂತ್ರೆ ಕೆಳಗ್ಲ ನೆಲ ಕಾಣ್ಬೇಕು ಸಾರ್. ಅಡಿಕೆ ಮರ ಸೀಳಿ ದಬ್ಬೆ ಹಾಕ್ಸಿ. ಸಂದಲ್ಲಿ ಬೆರಳು ತೂರ್ಬೇಕು, ಕಾಯಿ ಬೀಳ್ಬಾರ್ದು.'

ಸಂಜೆಯೇ ಎಂಜಿನಿಯರ್ ಕೇಳಿದರು: 'ಎಷ್ಟು ಬೆರಳು ಅಮ್ಮಾ?'

ಅದರ ಕೆಳಗೆ ಊರೇ ಬಂದು ಕೂತಿತು. ಶೆಟ್ಟಿಕೆರೆಯಿಂದ ಬಂದ ಸೊಸೆಯೊಬ್ಬಳು ಒಂದೂವರೆ ಎಂದಳು. ಗ್ಯಾರೇಜಿನ ರಫೀಕಣ್ಣ, 'ಗಂಗಮ್ಮನ ಬೆರಳೋ ನನ್ನ ಬೆರಳೋ, ಮೊದಲು ತೀರ್ಮಾನವಾಗಲಿ' ಎಂದು ಕಾಲೆಳೆದರು. ಅತ್ತೆ ಸ್ಕೇಲಿನ ಮೇಲೆ ಎರಡು ಬೆರಳಿಟ್ಟು ಫೋಟೊ ಹಾಕಿಸಿದಳು. ಚರ್ಚೆ ಮುಗಿಯಿತು.

ಹದಿನೈದನೇ ದಿನ ಪಟ್ಟಿಯಿಂದ ಸ್ಲ್ಯಾಬಿನ ಸಿಮೆಂಟು ಹೋಗಿ ಅಡಿಕೆ ದಬ್ಬೆ ಬಂದಿತ್ತು. ನಕ್ಷೆಯ ಮೂಲೆಯಲ್ಲಿ ಅತ್ತೆಯ ಬೆರಳಿನ ಫೋಟೊ!

"ಉಗುರಲ್ಲಿ ಮಣ್ಣೈತೆ ಕಣೇ. ತೊಳ್ಕೊಂಡು ತೆಗುಸ್ಕೋಬೇಕಿತ್ತು," ಎಂದು ಅವಳು ಇನ್ನೂ ಪೇಚಾಡುತ್ತಿದ್ದಾಳೆ.

ಇಷ್ಟು ವರ್ಷ ನಮ್ಮೂರಿನ ಯೋಜನೆಗಳೆಲ್ಲ ಕಚೇರಿಯ ಬೀರುವಿನಲ್ಲೇ ಮುಚ್ಚಿಕೊಂಡಿದ್ದವು. ಆ ಬೀರುವಿಗೂ ಎರಡು ಬೆರಳು ಸಂದು ಬಿಟ್ಟಿದ್ದರೆ, ಎಷ್ಟು ಕೊಳೆಯುವುದು ತಪ್ಪುತ್ತಿತ್ತು?