ಅವ್ವನ ಉಡಿಯ ಎಡಗಡೆ

ಬಸ್ಸಿನಲ್ಲಿ ನಾತ ಬಂದಾಗ ನಮ್ಮವ್ವ ಅದನ್ನು ನನ್ನ ಮೇಲೆ ಹಾಕಿದಳು. ನನಗಾಗ ಏಳು ವರ್ಷ. ಇವತ್ತಿಗೂ ಮರೆತಿಲ್ಲ.

ಎಪ್ಪತ್ತರ ದಶಕದ ಮಾತು. ವಿಜಾಪುರದ ಇಬ್ರಾಹಿಂಪುರದಲ್ಲಿದ್ದೆವು. ಆಪರೇಷನ್ ಮಾಡಿ ಅವ್ವನ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರತಂದಿದ್ದರು. ಅದರ ಮೇಲೊಂದು ರಬ್ಬರ್ ಚೀಲ, ಸೊಂಟಕ್ಕೆ ಬೆಲ್ಟು. ಮಲವೆಲ್ಲ ಆ ಚೀಲಕ್ಕೆ. ಇದ್ದದ್ದು ಎರಡೇ ಚೀಲ. ಒಂದನ್ನು ಕಟ್ಟಿಕೊಂಡು ಇನ್ನೊಂದನ್ನು ನಿಂಬೆಹಣ್ಣಿನ ನೀರಿನಲ್ಲಿ ನೆನೆಸಿ, ಸೀರೆಯ ಮರೆಯಲ್ಲಿ ಒಣಹಾಕುತ್ತಿದ್ದಳು. ರಬ್ಬರು ಒಮ್ಮೆ ನಾತ ಹಿಡಿದರೆ ಬಿಡುವುದಿಲ್ಲ. ಸೋರಿದರೆ ಚರ್ಮಕ್ಕೆ ಖಾರ ಸವರಿದ ಹಾಗೆ ಉರಿ. ಅದಕ್ಕೆ ಗೋಂದಿನ ಪುಡಿ ಹಚ್ಚುತ್ತಿದ್ದಳು. ನಾತ ಹೆಚ್ಚುತ್ತದೆಂದು ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಬಿಟ್ಟಳು. ನಾನು ಅವಳ ತೊಡೆಯ ಮೇಲೆ ಮಲಗುವುದನ್ನೂ ಬಿಡಿಸಿದಳು.

ವರ್ಷವಾದರೂ ತವರಿಗೆ ಹೋಗಿರಲಿಲ್ಲ. ಅಷ್ಟರಲ್ಲಿ ತವರೂರು ಬಬಲೇಶ್ವರದಲ್ಲಿ ಅವಳ ಬಸುರಿ ತಂಗಿಯ ಕುಬಸ, ಅಂದರೆ ಸೀಮಂತ, ಬಂತು. ಆವತ್ತು ಮನೆಯ ಹೆಣ್ಣುಮಕ್ಕಳಿಗೆಲ್ಲ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ ಹಾಕಿ ಉಡಿ ತುಂಬುತ್ತಾರೆ. ಆ ಉಡಿ ಅವಳಿಗೆ ಬೇಕೇ ಬೇಕಿತ್ತು. ಹೊಟ್ಟೆ ಖಾಲಿಯಿದ್ದರೆ ಚೀಲವೂ ಖಾಲಿ ಅಂದುಕೊಂಡು ಹಿಂದಿನ ದಿನದಿಂದಲೇ ಉಪವಾಸ ಬಿದ್ದಳು.

ಆದದ್ದು ಉಲ್ಟಾ. ಖಾಲಿ ಹೊಟ್ಟೆಯಲ್ಲಿ ಗಾಳಿ ತುಂಬಿ ಚೀಲ ಉಬ್ಬಿತು. ಸುತ್ತು ಹಾಕಿ ಹೋಗುವ ಬಸ್ಸು ಟಿಕೋಟಾ ಹತ್ತಿರ ಬರುವಾಗ ಅಂಚು ಬಿಟ್ಟು ನೀರಿನಂತೆ ಸೋರಿತು.

"ಯಾರ್ದಬೇ ಅದು ನಾತ?" ಹಿಂದಿನ ಸೀಟಿನ ಮುದುಕಿ ಕೇಳಿದಳು.

"ಹುಡುಗೀದ್ರಿ. ಹೊಟ್ಟಿ ಕೆಟ್ಟೈತಿ," ಅಂದಳು ಅವ್ವ.

"ಇಷ್ಟ ದೊಡ್ಡಾಕಿ ಆಗ್ಯಾಳ, ಮದಲ ಹೇಳಾಕ ಏನ ಆಗಿತ್ತ ಈಕಿಗೆ?"

ಟಿಕೋಟಾದಲ್ಲಿ ಇಳಿದೆವು. ಬಾವಿಯೊಂದರ ಹಿಂದೆ ಅವ್ವ ತೊಳೆದುಕೊಂಡು ಇನ್ನೊಂದು ಚೀಲ ಕಟ್ಟಿದಳು. ನಾನು ಮುಖ ಗಂಟು ಹಾಕಿಕೊಂಡೇ ಸೆರಗು ಹಿಡಿದು ಮರೆಯಾಗಿ ನಿಂತೆ. ಆಮೇಲೆ ನನಗೆಂದು ತಂದಿದ್ದ ಮೊಸರನ್ನದಲ್ಲಿ ಅವಳೂ ನಾಲ್ಕು ತುತ್ತು ತಿಂದಳು.

"ಸಿಟ್ಟಾಗಬ್ಯಾಡ ನನ್ನವ್ವಾ. ನಿನ್ನ ನಾತ ಮಂದಿ ಮರೀತಾರ. ನಂದು ಮರಿಯೂದಿಲ್ಲ."

ಬಬಲೇಶ್ವರ ಮುಟ್ಟಿದಾಗ ಆರತಿ ಮುಗಿದಿತ್ತು. ಆದರೂ ಅವಳ ತಾಯಿ, ನಮ್ಮ ಆಯಿ, ಮತ್ತೆ ಮಣೆ ಹಾಕಿದಳು. ಅವ್ವ ಕೂರಲೊಲ್ಲಳು.

"ಬ್ಯಾಡ ಬಿಡಬೇ. ಕಾಯಿ ಭಾರ ಚೀಲದ ಮ್ಯಾಲ ಬೀಳತೈತಿ."

"ನಿನ್ನ ಬಲಗಡೆ ಡಾಕ್ಟರ್ ತಗೊಂಡಾನ. ಎಡಗಡೆ ಇನ್ನೂ ನಂದ ಐತಿ. ಕುಂಡ್ರು."

ಆಯಿ ಸೆರಗನ್ನು ಎಡಕ್ಕೆಳೆದು ಐದು ಬೊಗಸೆ ಅಕ್ಕಿ ಸುರಿದಳು, ಕಾಯಿ ಇಟ್ಟಳು. ಅವ್ವ ಮೂಗು ಒರೆಸಿಕೊಂಡಳು.

ಅವ್ವನ ಮಡಿಲಿಗೆ ಎಡಗಡೆಯೂ ಒಂದಿದೆ ಎಂದು ನನಗೆ ಹೊಳೆದದ್ದೇ ಆಗ. ವಾಪಸ್ ಬರುವ ಬಸ್ಸಿನಲ್ಲಿ ಅಲ್ಲಿಯೇ ತಲೆಯಿಟ್ಟೆ. ಕಾಯಿ ಕಿವಿಗೆ ಒತ್ತಿತು.

"ಕಾಯಿ ತಗೀಬೇ."

"ಮನಿ ಮುಟ್ಟೂತನಕ ಉಡಿ ಬಿಚ್ಚಬಾರ್ದು. ಹಂಗ ಮಲಕೋ."

ಹಾಗೆಯೇ ಮಲಗಿದೆ. ಗೋಂದು, ನಿಂಬೆ, ಅವುಗಳ ಅಡಿಯಲ್ಲಿ ಆ ರಬ್ಬರಿನ ಸಣ್ಣ ನಾತ. ಅವ್ವ ಹೋಗಿ ಬಹಳ ವರ್ಷವಾಯಿತು. ಈಗಲೂ ನಿಂಬೆಹಣ್ಣು ಹಿಂಡಿದಾಗ ಅದರ ಹಿಂದೆ ಇನ್ನೊಂದು ವಾಸನೆಗೆ ಕಾಯುತ್ತೇನೆ. ಬರುವುದಿಲ್ಲ.